ಶೂನ್ಯಸಂಪಾದನೆ: ಓದಿದಷ್ಟು, ಹಾಡಿದಷ್ಟು

ಶೂನ್ಯಸಂಪಾದನೆ ಒಬ್ಬರು ಕುಂತು ಬರೆದ ಪುಸ್ತಕ ಅಲ್ಲ. 12ನೇ ಶತಮಾನದ ಶರಣರು ಬ್ಯಾರೆ ಬ್ಯಾರೆ ಊರಾಗ, ಬ್ಯಾರೆ ಬ್ಯಾರೆ ಹೊತ್ತಿನಾಗ ಆಡಿದ ವಚನಗಳನ್ನ, ಅವರೆಲ್ಲ ಹೋಗಿ ಎರಡು ಮೂರು ನೂರು ವರ್ಷ ಆದಮ್ಯಾಲ ಹಿಂದಿನವರು ಕೂಡಿಸಿ, ನಡುನಡುವೆ ತಮ್ಮ ಮಾತು ಹಾಕಿ, ಪ್ರಭುದೇವರು ಇಂಥವರನ್ನ ಕಂಡರು, ಹಿಂಗ ಕೇಳಿದರು, ಅವರು ಹಿಂಗ ಹೇಳಿದರು ಅಂತ ಹೊಂದಿಸಿದ್ದು. ಹಿಂಗ ಹೊಂದಿಸಿದವರು ನಾಲ್ಕು ಮಂದಿ. ಮೊದಲು ಶಿವಗಣಪ್ರಸಾದಿ ಮಹಾದೇವಯ್ಯನವರು, ಆಮ್ಯಾಲ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗದೇವರು, ಕಡೀಕ ಗೂಳೂರು ಸಿದ್ಧವೀರಣ್ಣೊಡೆಯರು. ಮಂದಿ ಹೆಚ್ಚು ಓದೂದು ಕಡೀದನ್ನ. ಅದನ್ನ ಮೊದಲು ಅಚ್ಚು ಹಾಕಿದವರು ವಿಜಾಪುರದ ಫ.ಗು. ಹಳಕಟ್ಟಿಯವರು, 1930ರಾಗ. ವಚನದ ಅಚ್ಚಿನ ಸಲುವಾಗಿ ಮನಿ ಮಾರಿದ ಪುಣ್ಯಾತ್ಮರು ಅವರು. ನಮ್ಮ ವಾಚನಾಲಯದಾಗ ಇರೂದು ಸಂ.ಶಿ. ಭೂಸನೂರಮಠರು ಸಂಪಾದಿಸಿದ್ದು. ನಾ ಓದಿದ್ದು ಅದನ್ನ.

ಓದಿದ್ದು ಅಂದರ ಪೂರಾ ಓದಿದ್ದು ಅಲ್ಲ. ಮೂರು ಮಳಿಗಾಲ ಕಳದಾವ, ಇನ್ನೂ ಒಂದು ಪಾಲು ಉಳದದ. ಈ ಪುಸ್ತಕಕ್ಕೆ ಬರಿ ಅಂತ ವಾಚನಾಲಯದ ಹುಡುಗರು ಕೇಳಿದಾಗ, ಮುಗಿದಮ್ಯಾಲ ಬರೀತೀನಿ ಅಂದಿದ್ದೆ. ಅದಕ್ಕೊಬ್ಬ, 'ಕಾಕಾ, ನೀವು ಮುಗಸೂದರಾಗ ನಮ್ಮ ಪುಸ್ತಕ ಹೊಂಡೂದಿಲ್ಲ' ಅಂದ. ಅವನ ಮಾತೂ ಖರೆ. ಹೊಲ ಪೂರಾ ರಾಶಿ ಆಗೂದರೊಳಗ ನಾಲ್ಕು ತೆನಿ ತಿಕ್ಕಿ ನೋಡಿ ಈ ವರ್ಷದ ಕಾಳು ಹ್ಯಾಂಗ ಅಂತ ರೈತ ಹೇಳ್ತಾನ. ಅಷ್ಟರಮಟ್ಟಿಗೆ ಹೇಳಲಿಕ್ಕೆ ನನಗ ಅಡ್ಡಿ ಇಲ್ಲ. ನಾ ಏಳನೇ ಇಯತ್ತೆ ಕಲತವ. ಹೊಲಾ ಮಾಡ್ತೀನಿ, ಭಜನಿ ಪದ, ಗೀಗೀ ಪದ ಹಾಡ್ತೀನಿ. ಪಂಡಿತರು ಬರಿಯೂ ವಿಮರ್ಶೆ ಬ್ಯಾರೆ. ಇದು ಹಾಡುವ ಬಾಯಿ ಓದಿದ್ದು, ಹಂಗಂತ ತಿಳಕೊಂಡು ಓದಬೇಕು.

ಪುಸ್ತಕ ಯಾಕ ಬಿರಸು ಅನ್ನೂದನ್ನ ಮೊದಲು ಹೇಳ್ತೀನಿ. ಹಳೇ ಶಬ್ದ ಬಿರಸು ಅಂತ ಎಲ್ಲರೂ ಅಂತಾರ. ಅದು ದೊಡ್ಡ ತೊಂದರಿ ಏನಲ್ಲ. ನಮ್ಮ ಕಡಿ ಮುದುಕಿಯರು ಆಡೂ ಮಾತಿನಾಗ ಆ ಶಬ್ದ ಎಷ್ಟೋ ಇನ್ನೂ ಅವ. ಇಲ್ಲಿ ಸೋಲಾಪುರ ಜಿಲ್ಲೆದಾಗ ಕಚೇರಿ, ಸಂತಿ, ಕೋರ್ಟು ಎಲ್ಲಾ ಮರಾಠಿ ಆದರೂ ಮನ್ಯಾಗಿನ ಕನ್ನಡ ಹಳೇದೇ ಉಳದದ. ಪ್ಯಾಟಿ ಕನ್ನಡ ಅದನ್ನ ತಿಕ್ಕಿ ತೆಗದಿಲ್ಲ. ಸಾಲಿ ಕಲತ ನನ್ನ ಮೊಮ್ಮಗಗ ತಿಳೀದ ಶಬ್ದ ನನ್ನ ಹೆಂಡತಿಗೆ ತಿಳದದ್ದು ಎಷ್ಟೋ ಸಲ ಆಗ್ಯದ. ಉಳದದ್ದಕ್ಕ ನಿಘಂಟು ಅದ, ನಿವೃತ್ತ ಮಾಸ್ತರು ಒಬ್ಬರು ಅದಾರ.

ಖರೆ ಬಿರಸು ಇರೂದು ಬೆಡಗಿನ ವಚನದಾಗ. ಹುಲಿ, ಹುಲ್ಲೆ, ಗಿಣಿ, ಬೆಕ್ಕು, ಕಪ್ಪಿ ಇವೆಲ್ಲ ಬಂದು ಒಂದಕ್ಕೊಂದು ಉಲ್ಟಾ ಕೆಲಸ ಮಾಡ್ತಾವ. ಮೊದಲ ಸಲ ಓದಿದರ ಜ್ವರ ಬಂದವನ ಬಡಬಡಿಕಿ ಅನಸ್ತದ. ಆದರ ತತ್ವಪದ ಹಾಡವರಿಗೆ ಇದು ಹೊಸಾದೇನಲ್ಲ. ಶಿಶುನಾಳ ಶರೀಫಸಾಹೇಬರ ಪದ, ಕಡಕೋಳ ಮಡಿವಾಳಪ್ಪನವರ ಪದ ನಾವು ಇಪ್ಪತ್ತು ಮೂವತ್ತು ವರ್ಷ ಅರ್ಥ ಕೇಳದೇ ಹಾಡೀವಿ. ನನಗ ಪದ ಕಲಿಸಿದವರು ಅರ್ಥ ಕೇಳಿದರ, 'ಮೊದಲು ತಾಳ ತಪ್ಪದಂಗ ಹಾಡು, ಅರ್ಥ ತಾನೇ ಹುಡಿಕ್ಕೊಂಡು ಬರ್ತದ' ಅಂತಿದ್ದರು. ಕೆಲವು ಬಂದಾವ, ಕೆಲವು ಬಂದಿಲ್ಲ. ಅದಕ್ಕ ನಾನು ಈ ಪುಸ್ತಕದ ಬೆಡಗನ್ನೂ ಹಂಗ ಓದೀನಿ. ಮುಂಜಾನೆ ಒಂದು ವಚನ ಬಾಯಿಪಾಠ ಮಾಡಿಕೊಂಡು ಹೊಲಕ್ಕ ಹೋಗೂದು, ಕುಂಟಿ ಹೊಡಿಯೂತನಾ ಅದನ್ನೇ ಅನಕೋತ ಇರೂದು. ಸಂಜಿತನಾ ಅದು ಬಿಚ್ಚಿದರ ಬಿಚ್ಚಿತು, ಇಲ್ಲಂದರ ನಾಳೆ ಮತ್ತದೇ. ಮೂರು ಮಳಿಗಾಲ ಹಿಡದದ್ದು ಇದಕ್ಕೇ.

ಟೀಕೆ ಬರದವರು ಕೆಳಗ ಪಟ್ಟಿ ಕೊಡ್ತಾರ, ಈ ಪ್ರಾಣಿ ಅಂದರ ಮನಸ್ಸು, ಆ ಪ್ರಾಣಿ ಅಂದರ ಮಾಯೆ ಅಂತ. ಅವರ ವಿದ್ವತ್ತಿಗೆ ಶರಣು. ಆದರ ಮದುವಿ ಮನ್ಯಾಗ ಒಡಪು ಹಾಕಿದ ಕೂಡಲೇ ಮಗ್ಗಲದವರು ಉತ್ತರ ಹೇಳಿಬಿಟ್ಟರ ಒಡಪು ಹಾಕಿದವರಿಗೆ ಹ್ಯಾಂಗಾಗ್ತದ? ಹಂಗಾಗ್ತದ ನನಗ. ಪ್ರಾಣಿ ಅಂದರ ಮನಸ್ಸು ಅಂತ ಹೇಳೂದೇ ಆಗಿದ್ದರ ಪ್ರಭುದೇವರು ಮನಸ್ಸು ಅಂತಲೇ ಹೇಳತಿದ್ದರು, ಅವರಿಗೇನು ಶಬ್ದದ ಬರ ಇತ್ತೇನು. ನನ್ನ ಸಲಹಾ ಕೇಳಿದರ, ಟೀಕೆ ಇದ್ದ ಪುಟದ ಕೆಳಭಾಗ ಒಂದು ಕೈಲಿ ಮುಚ್ಚಿಕೊಂಡು ಓದ್ರಿ.

ಇನ್ನೊಂದು ಬಿರಸು ಅದ. ಅದು ನನಗ ಸೇರಲಿಲ್ಲ. ಚೆನ್ನಬಸವಣ್ಣನವರ ಹೆಸರಿಲೆ ಬರೂ ಸ್ಥಲದ ವಿಚಾರ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ, ಈ ಆರು ಮೆಟ್ಟಲ ನಮಗ ಗೊತ್ತದ, ಪದದಾಗ ಹಾಡತೇವಿ. ಆದರ ಪ್ರತಿ ಮೆಟ್ಟಲಿನಾಗ ಮತ್ತ ಮೆಟ್ಟಲ, ಅದರೊಳಗ ಮತ್ತ ಲೆಕ್ಕ, ಅಂಗ ಇಷ್ಟು, ಲಿಂಗ ಇಷ್ಟು, ಹಸ್ತ ಇಷ್ಟು. ತಲಾಠಿ ಕಚೇರಿಯ ಉತಾರ ಓದಿದಂಗ ಆಗ್ತದ. ನಾ ಭಾಳ ದಿನ ಸಿಕ್ಕೊಂಡು ನಿಂತಿದ್ದು ಅಲ್ಲೇ. ಮಾಸ್ತರು, 'ಅದೇ ಶಾಸ್ತ್ರದ ಬುನಾದಿ, ಬಿಡಬ್ಯಾಡ' ಅಂದರು. ಇರಬಹುದು. ಬುನಾದಿ ನೆಲದಾಗ ಇರೂದು, ಮನ್ಯಾಗ ಇರೂ ಮನುಷ್ಯಾ ಅದನ್ನ ದಿನಾ ತೋಡಿ ನೋಡೂದಿಲ್ಲ. ಆ ಪುಟ ನಾ ದಾಟಿ ಹೋದೆ.

ದಾಟಿ ಹೋಗದೇ ಉಳದದ್ದು, ತಿರುಗಿ ತಿರುಗಿ ಓದಿದ್ದು ಮುಕ್ತಾಯಕ್ಕನ ಪ್ರಸಂಗ. ಅಣ್ಣ ಅಜಗಣ್ಣ ತೀರಿಕೊಂಡಾನ. ಅವ ಗುಪ್ತಭಕ್ತ, ತನ್ನ ಭಕ್ತಿ ಯಾರಿಗೂ ತೋರಿಸಿದವನಲ್ಲ. ಅವನೇ ಅಕಿಗೆ ಗುರು. ಅಕಿ ದುಃಖ ಮಾಡಕೋತ ಕುಂತಾಗ ಪ್ರಭುದೇವರು ಬರ್ತಾರ. ಯಾರ ಸಲುವಾಗಿ ಅಳತಿ, ಬಯಲಾಗ ಬಯಲಾದವಗ ಅಳೂದು ಯಾಕ ಅನ್ನೂ ಅರ್ಥದಾಗ ಮಾತು ತಗೀತಾರ.

ಇಲ್ಲಿ ನಾನು ಪುಸ್ತಕ ಮುಚ್ಚಿ ಕುಂತೆ. ಯಾಕಂದರ ಇದು ನನ್ನ ಕಸಬಿಗೆ ಹತ್ತಿದ ಮಾತು. ನಮ್ಮ ಕಡಿ ಮನುಷ್ಯಾ ಸತ್ತರ ರಾತ್ರಿ ಪೂರಾ ಹೆಣದ ಮುಂದ ಭಜನಿ ನಡೀತದ. ನಲವತ್ತು ವರ್ಷದಾಗ ಅಂಥ ರಾತ್ರಿ ಎಷ್ಟು ಕಳದೀನಿ ಲೆಕ್ಕಿಲ್ಲ. ನಾವು ಹಾಡೂದೂ ಅದನ್ನೇ, ಕಾಯ ಸುಳ್ಳು, ಮನಿ ಬಾಡಿಗಿದು, ಅಳಬ್ಯಾಡ್ರಿ ಅನ್ನೂ ಅರ್ಥದ ಪದ. ಆದರ ಪದ ಹಾಡೂದು ಬ್ಯಾರೆ, ಎದ್ದು ಹೋಗಿ ಸತ್ತವನ ಅಕ್ಕನ ಮುಂದ ಕುಂತು 'ನೀ ಅಳೂದು ತಪ್ಪು' ಅನ್ನೂದು ಬ್ಯಾರೆ. ಯಾವ ಭಜನಿಯವನೂ ಹಂಗ ಮಾಡೂದಿಲ್ಲ. ಹಾಡು ಎಲ್ಲರಿಗೂ ಕೇಳ್ತದ, ಯಾರ ಮ್ಯಾಲೂ ಬೀಳೂದಿಲ್ಲ. ಬೇಕಾದವರು ತಗೋತಾರ. ಪದ ನಡದಾಗಲೇ ಹೆಣ್ಣುಮಕ್ಕಳು ಅಳತಿರ್ತಾರ, ನಾವು ಹಾಡತಿರ್ತೀವಿ, ಎರಡೂ ಕೂಡೇ ಬೆಳಗಿನತನಾ ಹೋಗ್ತಾವ.

ಹಂಗಾದರ ಪ್ರಭುದೇವರು ಇಲ್ಲಿ ನಿರ್ದಯಿ ಆದರೇನು? ಮುಂದ ಓದಿದರ ಆ ಪ್ರಶ್ನಾ ಕೇಳವಳು ಮುಕ್ತಾಯಕ್ಕನೇ. ಅಕಿ ಕಣ್ಣೀರು ಒರಸ್ಕೊಂಡು ತಲಿ ತೂಗಿ ಸುಮ್ಮಾಗೂ ಹೆಣ್ಣುಮಗಳಲ್ಲ. ನನ್ನ ಅಣ್ಣ ತಿಳದದ್ದನ್ನ ಬಾಯಿಲೆ ಆಡದೇ ಹೋದ, ನೀ ತಿಳದೀನಿ ಅಂತ ಇಷ್ಟು ಮಾತಾಡತೀದಿ, ಮಾತು ಉಳದವಗ ತಿಳುವಳಿಕಿ ಹ್ಯಾಂಗ ಪೂರಾ ಆಯ್ತು ಅನ್ನೂ ಅರ್ಥದಾಗ ತಿರುಗಿ ಹಿಡೀತಾಳ. ನಾ ಓದಿದಷ್ಟರಾಗ ಪ್ರಭುದೇವರನ್ನ ಇಷ್ಟು ಗಟ್ಟಿ ಹಿಡದವರು ಮತ್ತೊಬ್ಬರಿಲ್ಲ. ಇಬ್ಬರೂ ಒಬ್ಬರ ಮಾತಿಗೊಬ್ಬರು ಅಡ್ಡ ಬಿದ್ದು ಹೋಗ್ತಾರ. ಅಲ್ಲಿ ದುಃಖ ಯಾವಾಗ ಹೋಗಿ ವಾದ ಬಂತು ಅನ್ನೂದೇ ಗೊತ್ತಾಗೂದಿಲ್ಲ. ನನಗ ಅನಸ್ತದ, ಪ್ರಭುದೇವರು ಅಕಿಗೆ ಕೊಟ್ಟ ಸಮಾಧಾನ ಉಪದೇಶದಾಗಿಲ್ಲ. ತನ್ನ ಸಂಗಾಟ ಜಗಳ ಆಡಲಿಕ್ಕೆ ಬಿಟ್ಟದ್ದೇ ಸಮಾಧಾನ. ಅಣ್ಣ ಸತ್ತ ಹೆಣ್ಣುಮಗಳಿಗೆ ಮಾತಾಡಲಿಕ್ಕೆ ಸರಿಸಮ ಮನುಷ್ಯಾ ಒಬ್ಬ ಸಿಕ್ಕ. ಇಷ್ಟು ನಾ ಓದಿಕೊಂಡದ್ದು, ಟೀಕೆದಾಗ ಇಲ್ಲ.

ಕಡೀಕ ಅಕಿ ಒಪ್ಪಿದಳು ಅಂತ ನಡುವಿನ ಗದ್ಯದವರು ಹೇಳ್ತಾರ. ವಚನ ಅಷ್ಟು ಸಸಾರ ಒಪ್ಪಿದಂಗ ಕೇಳೂದಿಲ್ಲ. ಈ ಪುಸ್ತಕ ಓದವರು ಒಂದು ಸಂಗತಿ ಲಕ್ಷ್ಯದಾಗ ಇಡಬೇಕು: ವಚನ ಹೇಳೂದು ಒಂದು, ನಡುವಿನ ಗದ್ಯ ಹೇಳೂದು ಇನ್ನೊಂದು ಆದಾಗ ನಾವು ವಚನದ ಕಡಿ ನಿಲ್ಲಬೇಕು. ವಚನ ಶರಣರದು. ಗದ್ಯ ಹೊಂದಿಸಿದವರದು.

ಹೊಂದಿಸಿದವರ ಕೆಲಸ ನನಗ ಗೊತ್ತಾಗೂದು ಗೀಗೀ ಮೇಳದಿಂದ. ಹರದೇಶಿ, ನಾಗೇಶಿ ಅಂತ ಎರಡು ಮೇಳ ಎದುರುಬದುರು ನಿಂತು ರಾತ್ರಿ ಪೂರಾ ಸವಾಲ ಜವಾಬ ಹಾಡ್ತಾವ. ಒಬ್ಬರು ಗಂಡು ಹೆಚ್ಚು ಅಂದರ ಇನ್ನೊಬ್ಬರು ಹೆಣ್ಣು ಹೆಚ್ಚು. ದಪ್ಪು ಹಿಡದವ ಸವಾಲ ಹಾಕ್ತಾನ, ತುಂತುಣಿಯವರು ಹಿಂದ ಗೀಗೀ ಅಂತಾರ. ಅಲ್ಲಿಯೂ ಪದ ಎಲ್ಲಾ ಅವತ್ತೇ ಕಟ್ಟಿದ್ದಲ್ಲ. ಗುರುವಿನ ಪದ, ಗುರುವಿನ ಗುರುವಿನ ಪದ, ಬ್ಯಾರೆ ಊರಿನ ಪದ, ಯಾವ ಸವಾಲಿಗೆ ಯಾವುದು ಕೂಡ್ತದ ಅಂತ ಅಲ್ಲೇ ನಿಂತು ಹೊಂದಸೂದು. ಛಲೋ ಹೊಂದಿಸಿದರ ಮಂದಿಗೆ ಇದನ್ನ ಈಗೇ ಕಟ್ಟಿದರು ಅನಸ್ತದ. ಶೂನ್ಯಸಂಪಾದನೆ ಅಂಥ ಹೊಂದಿಕಿ. ಬಸವಣ್ಣನವರು ಎಂದೋ ಯಾರಿಗೋ ಆಡಿದ ವಚನ, ಪ್ರಭುದೇವರು ಮತ್ತೆಲ್ಲೋ ಆಡಿದ ವಚನಕ್ಕ ಉತ್ತರ ಆಗಿ ಕುಂತಾವ. ಹಂಗ ಕುಂದರಸೂದು ಸಣ್ಣ ಕೆಲಸ ಅಲ್ಲ. ಸಾವಿರಕ್ಕ ಮೀರಿದ ವಚನ ಬಾಯಾಗ ಇದ್ದವರಿಗೇ ಅದು ಆಗೂದು.

ಆದರ ಒಂದು ಫರಕ್ ಅದ. ಸವಾಲ ಜವಾಬಿನಾಗ ಒಂದು ಊರಾಗ ಹರದೇಶಿ ಗೆದ್ದರ ಮುಂದಿನ ಜಾತ್ರಿಯಾಗ ನಾಗೇಶಿ ಗೆಲ್ಲತದ. ಅದಕ್ಕೇ ಮಂದಿ ಬೆಳ್ಳಬೆಳತನಾ ಕುಂತು ಕೇಳ್ತಾರ. ಈ ಪುಸ್ತಕದಾಗ ಯಾವಾಗಲೂ ಗೆಲ್ಲವರು ಒಬ್ಬರೇ. ಪ್ರಭುದೇವರು ಬಂದರು ಅಂದ ಕೂಡಲೇ ಎದುರಿನವರು ಸೋಲತಾರ ಅಂತ ಮೊದಲೇ ಗೊತ್ತು. ಗೋರಕ್ಷನ ಪ್ರಸಂಗ ಹಂಗೇ. ಅವನ ಮೈಗೆ ಖಡ್ಗ ಹೊಡದರ ಖಣಲ್ ಅಂತದ, ಪ್ರಭುದೇವರ ಮೈಗೆ ಹೊಡದರ ಬಯಲಾಗ ಬೀಸಿದಂಗ ಹಾದು ಹೋಗ್ತದ. ಹಾಡಲಿಕ್ಕೆ ಛಲೋ ಕಥಿ, ಮಂದಿ ಚಪ್ಪಾಳೆ ಹೊಡೀತಾರ. ವಿಚಾರಕ್ಕ ಅದರಾಗ ಹೆಚ್ಚೇನಿಲ್ಲ.

ನನಗೂ ಈ ಪುಸ್ತಕಕ್ಕೂ ಖರೆ ತಕರಾರು ಬಂದದ್ದು ಸೊನ್ನಲಿಗಿ ಸಿದ್ಧರಾಮೇಶ್ವರರ ಅಧ್ಯಾಯದಾಗ. ಸೊನ್ನಲಿಗಿ ಅಂದರ ನಮ್ಮ ಸೋಲಾಪುರ. ಸಿದ್ಧರಾಮೇಶ್ವರರು ಕೆರಿ ತೋಡಸಾಕ ಹತ್ತ್ಯಾರ, ಒಡ್ಡರು ಮಣ್ಣು ಕಲ್ಲು ಹೊರತಾರ. ಪ್ರಭುದೇವರು ಅಲ್ಲಿ ಬಂದು, ನಿಮ್ಮ ಒಡ್ಡರಾಮ ಎಲ್ಲಿ ಅಂತ ಹಗುರ ಮಾತಿಲೆ ಕೇಳ್ತಾರ. ಕೆಲಸದವರಿಗೆ ಸಿಟ್ಟು ಬಂದು ಕಲ್ಲು ಒಗೀತಾರ. ಕಲ್ಲು ಅವರಿಗೆ ತಾಗೂದಿಲ್ಲ. ಸಿದ್ಧರಾಮೇಶ್ವರರು ಬರ್ತಾರ, ಅವರಿಗೂ ಸಿಟ್ಟು, ಹಣಿಗಣ್ಣು ತಗೀತಾರ, ಅದೂ ನಡೆಯೂದಿಲ್ಲ. ಆಮ್ಯಾಲ ಮಾತು. ಕೆರಿ, ಗುಡಿ, ಅರವಟಿಗಿ ಇವೆಲ್ಲ ಹೊರಗಿನ ಕೆಲಸ, ಫಲದ ಆಶೆ ಇರೂ ಕೆಲಸ, ಒಳಗಿನದನ್ನ ತಿಳಿ ಅನ್ನೂದು ಪ್ರಭುದೇವರ ವಾದ. ಸಿದ್ಧರಾಮೇಶ್ವರರು ಸೋತು ಅವರ ಸಂಗಾಟ ಕಲ್ಯಾಣಕ್ಕ ಹೊಂಡತಾರ.

1972ರ ದುಷ್ಕಾಳದಾಗ ನನ್ನ ಏಳನೇ ಇಯತ್ತೆ ಮುಗಿದಿತ್ತು, ಸಾಲಿ ಅಲ್ಲಿಗೇ ನಿಂತಿತ್ತು. ಸರಕಾರದವರು ಪಾಝರ ತಲಾವದ ಕೆಲಸ ತಗದಿದ್ದರು. ಅವ್ವ, ಅಪ್ಪ, ನಾನು ಮೂವರೂ ಮಣ್ಣು ಹೊತ್ತೀವಿ. ಸುಕಡಿ ಹಂಚತಿದ್ದರು, ಅದನ್ನ ತಿಂದು ಮತ್ತ ಬುಟ್ಟಿ ಹೊರೂದು. ಬ್ಯಾಸಗಿ ಬಿಸಲಾಗ ತಲಿ ಮ್ಯಾಲ ಸಿಂಬಿ ಇಟ್ಟುಕೊಂಡು ಒಡ್ಡು ಏರಿ ಇಳದ ಕಾಲು ಇವು. ಆಗ ಯಾರರ ಒಬ್ಬರು ದಂಡಿ ಮ್ಯಾಲ ನಿಂತು, ಇದು ಹೊರಗಿನ ಕೆಲಸ, ಒಳಗಿಂದು ತಿಳೀರಿ ಅಂದಿದ್ದರ ನಾವೂ ಕಲ್ಲೇ ಒಗೀತಿದ್ದಿವಿ. ಆ ತಲಾವದ ಕೆಳಗಿನ ಬಾವಿಗೆ ಈಗೂ ಮಾಘ ಮಾಸದತನಾ ನೀರು ಇರ್ತದ. ಅದಕ್ಕ ಈ ಅಧ್ಯಾಯ ಓದುವಾಗ ನಾ ಪ್ರಭುದೇವರ ಮಗ್ಗಲ ನಿಲ್ಲಲಿಲ್ಲ, ಒಡ್ಡರ ಮಗ್ಗಲ ನಿಂತೆ. ನಮ್ಮ ಸೋಲಾಪುರ, ಅಕ್ಕಲಕೋಟ, ಮಂಗಳವೇಢಿ ಭಾಗದಾಗ ಮಳಿ ಕಣ್ಣಾಮುಚ್ಚಾಲಿ ಆಡೂ ನೆಲದಾಗ ಕೆರಿ ಕಟ್ಟವನೇ ದೇವರು. ಸಿದ್ಧರಾಮೇಶ್ವರರು ಎಂಟು ನೂರು ವರ್ಷ ಆದರೂ ಮಂದಿ ಬಾಯಾಗ ಇರೂದು ಸಂಕ್ರಾಂತಿ ಜಾತ್ರಿಯಾಗ. ಏಳು ನಂದಿಧ್ವಜ ಹೊತ್ತು, ಅರವತ್ತೆಂಟು ಲಿಂಗಕ್ಕ ಸುತ್ತಿ ಬರೂ ಮಂದಿಯಾಗ ಕನ್ನಡದವರು, ಮರಾಠಿಯವರು, ತೆಲುಗಿನವರು ಎಲ್ಲರೂ ಇರ್ತಾರ. ಅವರು ಯಾರೂ ಕಲ್ಯಾಣದ ವಾದ ನೆನೆಯೂದಿಲ್ಲ. ನಡುವ ಗುಡಿ ಇರೂ ಆ ಕೆರಿ ಕಣ್ಣಮುಂದ ಇರ್ತದ, ಅದನ್ನ ನೋಡಿ ಕೈ ಮುಗೀತಾರ. ರಾಘವಾಂಕ ಕವಿ ಬರದ ಸಿದ್ಧರಾಮನ ಚರಿತ್ರಿಯಾಗೂ ಕೆರಿ ಕಟ್ಟಿದ್ದೇ ದೊಡ್ಡ ಮಹಿಮಿ.

ಇದಕ್ಕ ಮಾಸ್ತರು ಒಂದು ಉತ್ತರ ಹೇಳಿದರು. ಪ್ರಭುದೇವರು ಕೆರಿ ಬ್ಯಾಡ ಅಂದಿಲ್ಲ, ಕೆರಿ ಕಟ್ಟಿದೆ ಅನ್ನೂ ಅಹಂಕಾರ ಬ್ಯಾಡ ಅಂದಾರ ಅಂತ. ತೂಕದ ಮಾತು. ವಚನಗಳನ್ನ ಅಷ್ಟೇ ಹಿಡದು ಓದಿದರ ಆ ಅರ್ಥ ನಿಲ್ಲತದ ಅಂತ ನನಗೂ ಅನಸ್ತದ. ನಾನು ಮಾಡಿದೆ ಅನ್ನೂದು ಎಷ್ಟು ಕೆಟ್ಟದ್ದು ಅಂತ ಹಾಡುಗಾರಗ ಹೇಳಬೇಕಾಗಿಲ್ಲ, ಜಾತ್ರಿಯಾಗ ಫೆಟಾ ಸುತ್ತಿದ ರಾತ್ರಿಯೇ ನಮ್ಮ ದನಿ ಕೆಡೂದು. ಆದರ ಪುಸ್ತಕ ಹೊಂದಿಸಿದವರು ಅಷ್ಟಕ್ಕ ಬಿಟ್ಟಿಲ್ಲ. ಸಿದ್ಧರಾಮೇಶ್ವರರಿಗೆ ಇಷ್ಟಲಿಂಗ ಇರಲಿಲ್ಲ, ದೀಕ್ಷೆ ಕೊಡಬೇಕು ಅಂತ ಚೆನ್ನಬಸವಣ್ಣನವರ ಮುಂದ ನಿಲ್ಲಸ್ತಾರ. ಮಹಾದೇವಯ್ಯನವರ ಮೊದಲಿನ ಪುಸ್ತಕದಾಗ ಈ ದೀಕ್ಷೆ ಇರಲಿಲ್ಲ, ಆಮ್ಯಾಲಿನವರು ಸೇರಿಸ್ಯಾರ ಅಂತ ಬಲ್ಲವರು ಹೇಳ್ತಾರ. ಸೊನ್ನಲಿಗಿಯಾಗ ದೊಡ್ಡವರಾಗಿದ್ದವರು ಕಲ್ಯಾಣದಾಗ ಸಣ್ಣ ಹುಡುಗರ ಹಂಗ ಪರೀಕ್ಷಾಕ್ಕ ಕುಂದರತಾರ. ಇದು ತತ್ವ ಅಲ್ಲ, ಮನೆತನದ ಲೆಕ್ಕ. ನಮ್ಮವರು ಅನಸಬೇಕಾದರ ನಮ್ಮ ಗುರುತು ಕೊಳ್ಳಿಗೆ ಇರಬೇಕು ಅನ್ನೂ ಮಾತು. ಬಯಲು ಬಯಲು ಅಂತ ಹಾಡೂ ಪುಸ್ತಕಕ್ಕ ಈ ಬೇಲಿ ಶೋಭಸೂದಿಲ್ಲ.

ಇಷ್ಟು ಹೇಳಿದಮ್ಯಾಲ ಆಯ್ದಕ್ಕಿ ಲಕ್ಕಮ್ಮನ ಮಾತು ಹೇಳಬೇಕು. ಕೆರಿಯ ಸಿಟ್ಟಿನಾಗ ಪುಸ್ತಕ ತಿರುಗಿ ಕೊಟ್ಟು ಬರೂ ವಿಚಾರ ಮಾಡಿದ್ದೆ, ಅದನ್ನ ತಡದವಳು ಅಕಿ. ಮಾರಯ್ಯ, ಲಕ್ಕಮ್ಮ ಗಂಡ ಹೆಂಡತಿ, ಲಿಂಗಸುಗೂರ ಕಡಿ ಅಮರೇಶ್ವರದವರು, ಕಲ್ಯಾಣಕ್ಕ ಬಂದು ನೆಲಕ್ಕ ಬಿದ್ದ ಅಕ್ಕಿ ಆಯ್ದು ಜೀವನ ಮಾಡವರು. ಒಂದು ದಿನ ಮಾರಯ್ಯ ಪ್ರಭುದೇವರ ಸಂಗಾಟ ಕಾಯಕದ ತತ್ವ ಮಾತಾಡಕೋತ ಕುಂತು ಬಿಡತಾನ. ಲಕ್ಕಮ್ಮ ಬಂದು, ನಿನ್ನ ಕಾಯಕ ನಿಂತದ, ಹೋಗು ಅಂತಾಳ. ಎಷ್ಟು ಸರಳ! ಇಷ್ಟು ದೊಡ್ಡ ಪುಸ್ತಕದಾಗ ಪ್ರಭುದೇವರ ಮಾತನ್ನ ನಡುವೆ ಕತ್ತರಿಸಿ, ಕೆಲಸಕ್ಕ ಹೋಗು ಅಂತ ಎಬ್ಬಿಸಿ ಕಳಿಸಿದ ಹೆಣ್ಣುಮಗಳು ಅಕಿ. ಕಾಯಕದ ಬಗ್ಗೆ ಮಾತಾಡಕೋತ ಕಾಯಕ ಬಿಟ್ಟರ ಆ ಮಾತಿಗೇನು ಬೆಲಿ? ಅವ ಗಡಬಡಿಸಿ ಹೋಗಿ ದಿನಕ್ಕಿಂತ ಹೆಚ್ಚು ಅಕ್ಕಿ ತಂದರ, ಇಷ್ಟು ಯಾಕ ತಂದಿ, ಇದು ನಮ್ಮ ಪಾಲಲ್ಲ, ಎಲ್ಲಿಂದ ತಂದ್ಯೋ ಅಲ್ಲೇ ಸುರುವಿ ಬಾ ಅಂತಾಳ.

ರೈತರ ಮನ್ಯಾಗ ಇದನ್ನ ಓದಿ ಹೇಳಿ ನೋಡ್ರಿ. ನಾ ರಾಶಿ ಮುಗಿದ ದಿನ ಮನ್ಯಾಗ ಓದಿ ಹೇಳಿದೆ. ನನ್ನ ಹೆಂಡತಿ ಕಾಳು ಹಸನ ಮಾಡಕೋತ ಕೇಳಿ, 'ಅಕಿಗೆ ಮಕ್ಕಳು ಇದ್ದಿಲ್ಲೇನ್ರಿ?' ಅಂದಳು. ನನಗ ಉತ್ತರ ಬರಲಿಲ್ಲ. ಈ ಪ್ರಶ್ನಾ ಯಾವ ಟೀಕಾಕಾರರೂ ಕೇಳಿದ್ದು ನಾ ಕಂಡಿಲ್ಲ. ನಾಳಿನ ಹಿಟ್ಟು ಇಡಬ್ಯಾಡ ಅನ್ನೂದು ಇಬ್ಬರೇ ಇದ್ದ ಮನಿಗೆ ಆಗ್ತದ, ಮೂರು ಸಣ್ಣ ಕೂಸು ಇದ್ದ ಮನ್ಯಾಗ, ಅದೂ ಮಳಿ ಹೋದ ವರ್ಷ, ಹ್ಯಾಂಗ? ಆದರೂ ಅಕಿಯೇ ಸಂಜಿಕ ರೊಟ್ಟಿ ಬಡಿಯುವಾಗ ಮತ್ತ, 'ಆ ಹೆಣ್ಣುಮಗಳು ಹೇಳಿದ್ದರಾಗ ಸುಳ್ಳಿಲ್ಲ ಬಿಡ್ರಿ' ಅಂದಳು. ಅಷ್ಟರಾಗೇ ಬಿಟ್ಟಿವಿ.

ನುಲಿಯ ಚಂದಯ್ಯನ ಕಥಿಯೂ ಹಂಗೇ. ಹುಲ್ಲು ಕೊಯ್ಯುವಾಗ ಕೊಳ್ಳಾಗಿನ ಲಿಂಗ ಜಾರಿ ಬೀಳ್ತದ. ಅವ ತಿರುಗಿ ನೋಡೂದಿಲ್ಲ, ಹಗ್ಗ ಹೊಸೆಯೂ ಹುಲ್ಲು ಹೊತ್ತು ನಡೀತಾನ. ಲಿಂಗವೇ ಬೆನ್ನ ಹತ್ತಿ ಬರ್ತದ, ಕಡೀಕ ಅವನ ಹಗ್ಗ ಮಾರೂ ಕೆಲಸಕ್ಕ ಒಪ್ಪಿದಮ್ಯಾಲೇ ಅವ ಸೇರಿಸ್ಕೋತಾನ. ಮಡಿವಾಳ ಮಾಚಯ್ಯನವರು ನಡುವೆ ಬಿದ್ದು ಬಗಿಹರಸ್ತಾರ. ದೇವರಿಗೂ ದಗದ ಹಚ್ಚಿದ ಈ ಮನುಷ್ಯಾನ ಮುಂದ ಕೆರಿ ಹೊರಗಿನ ಕೆಲಸ ಅನ್ನೂ ವಾದ ಎಲ್ಲಿ ನಿಲ್ಲತದ? ಒಂದೇ ಪುಸ್ತಕದಾಗ ಎರಡೂ ಅವ. ಹೊಂದಿಸಿದವರಿಗೆ ಇದು ಗೊತ್ತಿತ್ತೋ ಇಲ್ಲೋ. ಗೊತ್ತಿದ್ದೇ ಇಟ್ಟಿದ್ದರ ಅವರು ದೊಡ್ಡವರು. ಗೊತ್ತಿಲ್ಲದೇ ಬಂದಿದ್ದರ ಶರಣರ ವಚನ ದೊಡ್ಡವು, ಹೊಂದಿಸಿದವರ ಕೈ ಮೀರಿ ತಮ್ಮ ಮಾತು ತಾವೇ ಆಡ್ಯಾವ.

ಅಕ್ಕಮಹಾದೇವಿಯ ಪ್ರಸಂಗ ಎಲ್ಲರೂ ಬಲ್ಲದ್ದು, ಹೆಚ್ಚು ಬರೆಯೂದಿಲ್ಲ. ತುಂಬಿದ ಸಭಾದಾಗ ಒಬ್ಬ ಹೆಣ್ಣುಮಗಳನ್ನ ನಿನ್ನ ಗಂಡ ಯಾರು, ಕೂದಲಿಲೆ ಮೈ ಯಾಕ ಮುಚ್ಚಿದಿ ಅಂತ ಕೇಳೂದು ಓದಲಿಕ್ಕೆ ಸಂಕಟ ಆಗ್ತದ. ಅಕಿ ಕೊಟ್ಟ ಜವಾಬು ಕೇಳಿ ಆ ಸಂಕಟ ಹೋಗ್ತದ. ನಮ್ಮ ನಾಗೇಶಿ ಮೇಳದ ಹೆಣ್ಣುಮಕ್ಕಳು ರಾತ್ರಿ ಪೂರಾ ಗಂಡಸರ ಸವಾಲಿಗೆ ನಿಂತು ಹಾಡವರು, ಅವರಿಗೆ ಆ ಸಭಾ ಹ್ಯಾಂಗಿರ್ತದ ಅಂತ ವಿವರಿಸಬೇಕಾಗಿಲ್ಲ. ಅವರಾಗ ಒಬ್ಬರರ ಈ ಪ್ರಸಂಗದ ಮ್ಯಾಲ ಬರೀಬೇಕಿತ್ತು, ನನಗಿಂತ ಛಲೋ ಬರೀತಿದ್ದರು.

ಪ್ರಭುದೇವರ ಆರೋಗಣೆ ಅಂತ ಒಂದು ಪ್ರಸಂಗ. ಜಂಗಮರಿಗೆಲ್ಲ ಮಾಡಿಸಿದ ಅಡಗಿ ಅವರೊಬ್ಬರೇ ಉಂಡು ಮುಗಸ್ತಾರ, ಹೊರಗ ಹಸದು ಕುಂತ ಜಂಗಮರು ಸಿಟ್ಟಾಗ್ತಾರ. ಪ್ರಭುವಿನ ತೃಪ್ತಿಯೇ ಎಲ್ಲರ ತೃಪ್ತಿ ಅನ್ನೂದು ತತ್ವ. ನಾ ಇದನ್ನ ನಗಕೋತ ಓದಿದೆ. ದಾಸೋಹದ ಪಂಕ್ತಿಯಾಗ ಕಡೀಕ ಬಡಸವನಾಗಿ ನಿಂತು, ಹುಗ್ಗಿ ಮುಗೀತು ಅಂತ ಹೇಳೂ ಪಾಳಿ ಬಂದವರಿಗೆ ಆ ಜಂಗಮರ ಮಾರಿ ಕಣ್ಣಿಗೆ ಕಟ್ಟತದ.

ಉಳದ ಪಾಲು ಶೂನ್ಯಸಿಂಹಾಸನದ ಸುತ್ತಿನ ಮಾತು, ಮತ್ತ ಎಲ್ಲರ ಐಕ್ಯ. ಅದರಾಗ ಹತ್ತಿಪ್ಪತ್ತು ಪುಟ ಓದಿ ಬಿಟ್ಟೀನಿ. ಅಲ್ಲಿ ವಚನ ಭಾಳ ಗಟ್ಟಿ ಆಗ್ತಾವ, ಹಾಡಲಿಕ್ಕೆ ಬಾಯಿಗೆ ಕೂಡೂದಿಲ್ಲ. ಏಕತಾರಿ ಹಿಡದು ಕುಂತರೂ ಲಯ ಸಿಗೂದಿಲ್ಲ. ನನಗ ಒಂದು ವಚನ ತಿಳದದ ಅಂದರ ಅದು ದನಿಗೆ ಬಂದದ ಅಂತ ಲೆಕ್ಕ, ಬ್ಯಾರೆ ಅಳತಿ ನನ್ನ ಹಂತ್ಯಾಕ ಇಲ್ಲ. ಆ ಲೆಕ್ಕದಿಂದ ಈ ಪುಸ್ತಕದ ಒಂದು ಪಾಲು ನನ್ನದಾಗ್ಯದ, ಒಂದು ಪಾಲು ಹೊರಗದ. ಪ್ರಭುದೇವರ ವಚನ ಹಾಡಿ 'ಗುಹೇಶ್ವರ' ಅಂತ ಅಂಕಿತ ಎತ್ತುವಾಗ ಮೊದಲು ದನಿ ಸಲೀಸ ಏರತಿತ್ತು. ಈಗ ಅಲ್ಲಿ ಒಂದು ಕ್ಷಣ ತಡದು ಏರತದ. ಮೇಳದವರು ಅದನ್ನ ಗುರುತು ಹಿಡದಾರ, ತಾಳದವ ಅಷ್ಟಕ್ಕ ಕಾಯತಾನ.

ಹೋದ ಸಂಕ್ರಾಂತಿಗೆ ಸೊನ್ನಲಿಗಿಯ ಪ್ರಸಂಗವನ್ನ ನಾನೇ ಒಂದು ಗೀಗೀ ಪದ ಮಾಡಿ ಹಾಡೀನಿ. ಕಲ್ಲು ಒಗದಮ್ಯಾಲ ಆ ಅಧ್ಯಾಯದಾಗ ಒಡ್ಡರ ಮಾತು ನಿಂತು ಹೋಗ್ತದ, ದೊಡ್ಡವರಿಬ್ಬರ ಮಾತೇ ಮುಂದ. ನನ್ನ ಪದದಾಗ ಮಣ್ಣು ಹೊರೂ ಒಬ್ಬ ಹೆಣ್ಣುಮಗಳು ಬುಟ್ಟಿ ಕೆಳಗಿಟ್ಟು ಪ್ರಭುದೇವರಿಗೆ ಸವಾಲ ಹಾಕ್ತಾಳ: ನಮ್ಮ ರಾಮಯ್ಯನ್ನ ಕರಕೊಂಡು ಹೊಂಟೀದಿ, ಅರ್ಧಾ ಆದ ಈ ಒಡ್ಡು ಯಾರು ಮುಗಸಬೇಕು, ಮಳಿ ನಿನ್ನ ಬಯಲು ನೋಡಿ ಬರ್ತದೋ, ನಮ್ಮ ಒಡ್ಡು ನೋಡಿ ನಿಲ್ಲತದೋ ಅಂತ. ಎದುರು ಮೇಳದವರು ಅವತ್ತು ಬ್ಯಾರೆ ಪದ ಹಾಡಿ ದಾಟಿಸಿದರು. ಅವರ ಹಿರಿಯರು ಬಲ್ಲವರು, ಈ ಪುಸ್ತಕ ಓದಿದವರು. ಮುಂದಿನ ಜಾತ್ರಿಗೆ ಜವಾಬು ತರ್ತೀನಿ ಅಂತ ಹೇಳಿ ಹೋಗ್ಯಾರ.